ಕೈಯಲ್ಲಿರುವ ಕೆಲಸವನ್ನು ಕಸಿದುಕೊಳ್ಳದಿರೋಣ

(ಶತಮಾನೋತ್ಸವದ ಕುಟುಂಬ ದಿನದಂದು ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷಗಳಿಂದ ಈ ದೇವಾಲಯವು ನಮ್ಮ ಕುಟುಂಬಗಳ ಸುಖದುಃಖಗಳಿಗೆ ಸಾಕ್ಷಿಯಾಗಿ ನಿಂತಿದೆ. ಈ ಶುಭ ಸಂದರ್ಭದಲ್ಲಿ, ಮನೆಯ ಗೋಡೆಗಳೊಳಗೆ ಅಡಗಿರುವ ಒಂದು ದುಃಖದ ಕುರಿತು ನಾವು ಮಾತನಾಡಬಯಸುತ್ತೇವೆ. ಅದು 65 ವರ್ಷ ತುಂಬುವ ಮುನ್ನವೇ ಬಂದೆರಗುವ ಡಿಮೆನ್ಷಿಯಾ ಎಂಬ ಮರೆವಿನ ರೋಗ.

ಮರೆವು ಮುಪ್ಪಿನ ಸಂಗಾತಿಯೆಂದು ಜನರು ಭಾವಿಸುತ್ತಾರೆ. ಆದರೆ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1901ರಲ್ಲಿ ಪರೀಕ್ಷಿಸಿ, 1906ರಲ್ಲಿ ವೈದ್ಯರ ಸಭೆಯ ಮುಂದೆ ವಿವರಿಸಿದ ರೋಗಿಯು ಆಸ್ಪತ್ರೆಗೆ ಬಂದಾಗ ಕೇವಲ 51 ವರ್ಷದ ಗೃಹಿಣಿ.

ರಾಜಾಜಿನಗರದಿಂದ ಕೆಂಗೇರಿಯವರೆಗೆ ಹರಡಿರುವ ನಮ್ಮ ಬಡಾವಣೆಗಳು ದುಡಿಯುವವರ ಬಡಾವಣೆಗಳು. ಈ ರೋಗವು ಹಿಡಿಯುವುದು ದುಡಿಯುವ ಕೈಯನ್ನೇ. ಕೆಲವರಲ್ಲಿ ಮರೆವಿಗಿಂತ ಮೊದಲೇ ಮಾತು ತಡವರಿಸುತ್ತದೆ, ಲೆಕ್ಕ ತಪ್ಪುತ್ತದೆ, ಸ್ವಭಾವ ಬದಲಾಗುತ್ತದೆ. ನೆರೆಯವರು ಕುಡಿತವೆನ್ನುತ್ತಾರೆ, ಮೇಲಧಿಕಾರಿ ಅಸಡ್ಡೆಯೆನ್ನುತ್ತಾನೆ, ಮಡದಿಯು ಒಲವು ಬತ್ತಿತೆಂದು ಒಳಗೊಳಗೇ ಕೊರಗುತ್ತಾಳೆ. ಮಕ್ಕಳ ಶಾಲೆಯ ಶುಲ್ಕ, ಮನೆಯ ಸಾಲ ಮಾತ್ರ ಕಾಯುವುದಿಲ್ಲ.

ಆದುದರಿಂದ ನಾಚಿಕೆಯನ್ನು ಬಿಟ್ಟು ಮೊದಲು ವೈದ್ಯರನ್ನು ಕಾಣಬೇಕು. ಥೈರಾಯ್ಡ್ ದೋಷ, ಬಿ-12 ಜೀವಸತ್ವದ ಕೊರತೆ ಮುಂತಾದ ಗುಣವಾಗಬಲ್ಲ ಕಾರಣಗಳಿಂದಲೂ ಮರೆವು ಬರುವುದುಂಟು. ವಿಮೆಯುಳ್ಳ ಕಾರ್ಮಿಕರಿಗೆ ರಾಜಾಜಿನಗರದಲ್ಲಿಯೇ ಇ.ಎಸ್.ಐ. ಆಸ್ಪತ್ರೆಯಿದೆ, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಪರೀಕ್ಷೆ ಮುಗಿಯುವ ಮುನ್ನ ಯಾರೂ ರಾಜೀನಾಮೆ ಪತ್ರಕ್ಕೆ ಸಹಿ ಹಾಕಬಾರದು. ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ಸರ್ಕಾರಿ ನೌಕರರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ರಕ್ಷಣೆ ನೀಡುತ್ತದೆ. ಅದು ತಮಗೆ ಅನ್ವಯಿಸುವುದೇ ಎಂದು ಕೇಳಿ ತಿಳಿಯಬೇಕು.

ಈ ರೋಗದ ಬಹುಪಾಲು ಬಗೆಗಳನ್ನು ಗುಣಪಡಿಸುವ ಔಷಧ ಇನ್ನೂ ದೊರೆತಿಲ್ಲ. ಆದರೂ ಆಕ್ಯುಪೇಷನಲ್ ಥೆರಪಿ ಎಂಬ ನೆರವಿದೆ. ಇದು ನೌಕರಿ ಕೊಡಿಸುವ ವಿದ್ಯೆಯಲ್ಲ. ಉಡುವುದು, ಉಣ್ಣುವುದು, ಅಡುಗೆ ಮಾಡುವುದು ಮುಂತಾದ ದಿನನಿತ್ಯದ ಕಾರ್ಯಗಳನ್ನು ಸಾಧ್ಯವಿರುವಷ್ಟು ಕಾಲ ಉಳಿಸಿಕೊಡುವ ವಿದ್ಯೆ. ಚಿಕಿತ್ಸಕರು ಕಳೆದುಹೋದುದನ್ನಲ್ಲ, ಉಳಿದಿರುವುದನ್ನು ಹುಡುಕುತ್ತಾರೆ. ಬೀರುವಿಗೆ ಹೆಸರಿನ ಚೀಟಿ, ದೊಡ್ಡ ಅಂಕಿಗಳ ಕ್ಯಾಲೆಂಡರು, ಉಡುವ ಕ್ರಮದಲ್ಲಿಯೇ ಜೋಡಿಸಿಟ್ಟ ಬಟ್ಟೆ, ಒಮ್ಮೆಗೆ ಒಂದೇ ಸೂಚನೆ, ಗ್ಯಾಸ್ ಒಲೆಯ ಮೇಲೊಂದು ಕಣ್ಣು: ಇವೇ ಅದರ ಉಪಾಯಗಳು. ನಾಲಿಗೆ ಮರೆತುದನ್ನು ಕೈ ಎಷ್ಟೋ ಕಾಲ ನೆನಪಿಟ್ಟುಕೊಳ್ಳುತ್ತದೆ. ಮಕ್ಕಳ ಹೆಸರಿಗೆ ತಡವರಿಸುವವರೂ ಬಾಲ್ಯದಲ್ಲಿ ಕಲಿತ ಜಪಸರವನ್ನು ತಡೆಯಿಲ್ಲದೆ ಹೇಳುವುದನ್ನು ನಾವು ಕಂಡಿದ್ದೇವೆ.

ಆದರೆ ನಾವು ಮಾಡುವುದೇನು? ಕನಿಕರದಿಂದಲೋ ಅವಸರದಿಂದಲೋ ಅವರ ಕೈಯಿಂದ ಎಲ್ಲವನ್ನೂ ಕಸಿದುಕೊಂಡು ಮೂಲೆಯಲ್ಲಿ ಕುಳ್ಳಿರಿಸುತ್ತೇವೆ. ಹಾಗಾಗದಿರಲಿ. ಅವರೆಕಾಯಿ ಸುಲಿಯಲಿ, ಬಟ್ಟೆ ಮಡಿಸಲಿ, ಬಲಿಪೂಜೆಗೆ ಮುನ್ನ ದೇವಾಲಯದ ಕುರ್ಚಿಗಳನ್ನು ಜೋಡಿಸಲಿ. ಕೆಲಸ ಓರೆಯಾದರೆ ಆಗಲಿ. ಮಾಡಿದವರ ಮಾನ ನೆಟ್ಟಗಿರುತ್ತದೆ.

ಹಗಲಿರುಳೂ ಕಾಯುವ ಮನೆಯವರನ್ನೂ ಮರೆಯದಿರೋಣ. ಶಿಲುಬೆ ಹಾದಿಯ ಐದನೆಯ ಸ್ಥಳದಲ್ಲಿ ಸಿರೇನಿನ ಸೀಮೋನನು ಪ್ರಭುವಿನ ಶಿಲುಬೆಯನ್ನು ಇಲ್ಲವಾಗಿಸಲಿಲ್ಲ. ಒಂದಿಷ್ಟು ದೂರ ಹೊತ್ತನು, ಅಷ್ಟೇ. ನಮ್ಮ ಪ್ರತಿಯೊಂದು ಕಿರು ಕ್ರೈಸ್ತ ಸಮುದಾಯವೂ ಅಂತಹ ಒಂದು ಮನೆಗೆ ವಾರಕ್ಕೆ ಎರಡು ಗಂಟೆಗಳನ್ನು ಕೊಡಲಿ. ಆ ಹೊತ್ತಿನಲ್ಲಿ ಮಡದಿಯು ನಿದ್ರಿಸಲಿ, ಬ್ಯಾಂಕಿಗೆ ಹೋಗಿಬರಲಿ, ಇಲ್ಲವೇ ದೇವಾಲಯದಲ್ಲಿ ಸುಮ್ಮನೆ ಕುಳಿತಿರಲಿ.

ಶತಮಾನದ ನೆನಪಿಗಾಗಿ ಕಲ್ಲಿನ ಫಲಕವನ್ನು ನೆಟ್ಟಿದ್ದೇವೆ. ನೆನಪು ಕಳೆದುಕೊಂಡವರನ್ನು ನೆನೆಯುವ ಸಭೆಯೆಂಬ ಹೆಸರೂ ನಮ್ಮದಾಗಲಿ. ಪ್ರಭುವು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.