ಯವನರ ನಾಲ್ಕು ಬೇರುಗಳೂ ಶರಣರ ಪಂಚಭೂತಗಳೂ

 

ಬೀದರ, ಭಾಲ್ಕಿ, ಔರಾದ ಕಡೆಯ ವಿದ್ಯಾರ್ಥಿಗಳು ನನ್ನನ್ನು ಕೇಳುವ ಪ್ರಶ್ನೆಯೊಂದುಂಟು: “ಜಲವು ಮೂಲವಸ್ತುವಲ್ಲವೆಂದು ಶಾಲೆಯಲ್ಲಿ ಓದಿದೆವು; ಹಾಗಾದರೆ ಮಠದಲ್ಲಿ ಕಲಿತ ಪಂಚಭೂತವು ಸುಳ್ಳೇ?” ಇಂಥವರನ್ನು ಗದರಿಸಿ ಸುಮ್ಮನಾಗಿಸುವುದು ಸುಲಭ, ಅದು ತರವಲ್ಲ.

ಯವನದೇಶದವರೂ ಈ ವಿಚಾರವನ್ನು ಮಾಡಿದವರೇ. ಮಿಲೇಟಸ್ ಪಟ್ಟಣದ ಥೇಲೀಸನು ಜಗತ್ತಿಗೆ ಜಲವೇ ಮೂಲವೆಂದನು; ಅದೇ ಊರಿನ ಅನಾಕ್ಸಿಮೆನೀಸನು ವಾಯುವೆಂದನು; ಹೆರಾಕ್ಲೀಟಸನು ಅಗ್ನಿಯೆಂದನು. ಕ್ರಿ.ಪೂ. 5ನೆಯ ಶತಮಾನದಲ್ಲಿ ಸಿಸಿಲಿ ದ್ವೀಪದ ಎಂಪೆಡೊಕ್ಲೀಸನು ಪೃಥ್ವಿ, ಅಪ್ಪು, ತೇಜ, ವಾಯುಗಳನ್ನು ನಾಲ್ಕು ಬೇರುಗಳೆಂದು ಕರೆದು, ಪ್ರೀತಿಯು ಅವನ್ನು ಕೂಡಿಸುವುದು, ಕಲಹವು ಅಗಲಿಸುವುದು ಎಂದು ಹೇಳಿದನು. ಹುಟ್ಟುಸಾವುಗಳೆಂಬವು ಅವನ ಮತದಲ್ಲಿ ಬೆರೆಯುವಿಕೆ ಬೇರ್ಪಡುವಿಕೆಗಳೇ ಸರಿ. ಅರಿಸ್ಟಾಟಲನು ಗಗನಮಂಡಲಕ್ಕಾಗಿ ಐದನೆಯದೊಂದನ್ನು ಸೇರಿಸಿದನು. ಅದು ನಮ್ಮ ಆಕಾಶವೇ ಎಂದು ಕೆಲವರು ಹಿಗ್ಗುವರು. ನನಗೆ ಒಪ್ಪಿಗೆಯಿಲ್ಲ, ಅವನದು ನಕ್ಷತ್ರಗಳ ದ್ರವ್ಯ, ನಮ್ಮದು ಶಬ್ದಕ್ಕೆ ಆಶ್ರಯ.

ಕೂಡುವಿಕೆಯ ಮಾತಿಗೆ ನಮ್ಮ ಬೀದರದಲ್ಲಿಯೇ ನಿದರ್ಶನವಿದೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಕರಗಿಸಿ, ಎರಕ ಹೊಯ್ದು, ಬೆಳ್ಳಿಯನ್ನು ಕೂರಿಸಿದ ಮೇಲೆ ಬಿದರಿಯ ಕುಶಲಕರ್ಮಿಗಳು ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ನೀರಿನಲ್ಲಿ ಕಲಸಿ, ಕಾಸಿದ ಪಾತ್ರೆಗೆ ತಿಕ್ಕುವರು. ಲೋಹವು ಕಾಡಿಗೆಯಂತೆ ಕಪ್ಪಾಗುವುದು. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುವುದು. ಎಂಪೆಡೊಕ್ಲೀಸನು ಕಂಡಿದ್ದರೆ ತನ್ನ ಬೇರುಗಳ ಲೀಲೆಯೆಂದು ಕೊಂಡಾಡುತ್ತಿದ್ದನೇನೋ! ರಸಾಯನಶಾಸ್ತ್ರಜ್ಞನಾದರೋ, ಸತುವೇ ಮೂಲವಸ್ತು, ಮಣ್ಣು ಹಲವು ವಸ್ತುಗಳ ಬೆರಕೆ ಎನ್ನುವನು. 1783ರಲ್ಲಿ ಫ್ರಾನ್ಸಿನ ಲವಾಸಿಯೆ ಎಂಬವನು ಜಲವು ಸಂಯುಕ್ತವೆಂದು ಸಾರಿದ ಮೇಲೆ ಯವನರ ಲೆಕ್ಕವು ನಿಲ್ಲಲಿಲ್ಲ. ಇದನ್ನು ಮಠದಲ್ಲಿ ಮುಚ್ಚಿಡಬೇಕಾದ ಕಾರಣವಿಲ್ಲ.

ಶರಣರಲ್ಲಿಯೂ ಸೃಷ್ಟಿಯ ವಿಚಾರವುಂಟು. ಆದರೆ ಷಟ್‌ಸ್ಥಲದ ಜೋಡಣೆಯನ್ನು ನೋಡಿರಿ: ಪೃಥ್ವಿಗೆ ಮೂಗು, ಗಂಧ, ಆಚಾರಲಿಂಗ, ಅಪ್ಪುವಿಗೆ ನಾಲಗೆ, ರುಚಿ, ಗುರುಲಿಂಗ, ತೇಜಕ್ಕೆ ಕಣ್ಣು, ರೂಪು, ಶಿವಲಿಂಗ, ವಾಯುವಿಗೆ ತ್ವಕ್ಕು, ಸ್ಪರ್ಶ, ಜಂಗಮಲಿಂಗ, ಆಕಾಶಕ್ಕೆ ಕಿವಿ, ಶಬ್ದ, ಪ್ರಸಾದಲಿಂಗ. ಯವನರಲ್ಲಿ ಕಾಣದ ಆರನೆಯದು ಆತ್ಮ. ಅದಕ್ಕೆ ಹೃದಯ, ತೃಪ್ತಿ, ಮಹಾಲಿಂಗ. ಇಲ್ಲಿ ಎಣಿಸಿದುದು ದ್ರವ್ಯಗಳನ್ನಲ್ಲ, ಅರ್ಪಣದ ಬಾಗಿಲುಗಳನ್ನು. ಮಂಜ್ರಾ ನದಿಯ ನೀರನ್ನು ಎರಡು ಅನಿಲಗಳಾಗಿ ಒಡೆದರೂ ಬಾಯಾರಿದವನ ನಾಲಗೆಗೆ ಅದರ ರುಚಿಯು ಒಂದೇ.

ಆ ಹುಡುಗರಿಗೆ ನಾನು ಹೇಳಿದುದು ಇಷ್ಟೇ: ಪರೀಕ್ಷೆಯಲ್ಲಿ ಜಲಜನಕ, ಆಮ್ಲಜನಕ ಎಂದೇ ಬರೆಯಿರಿ, ದಾಸೋಹದ ಪಂಕ್ತಿಯಲ್ಲಿ ನೀರು ಕೈಗೆ ಬಂದಾಗ ಗುರುಲಿಂಗವನ್ನು ನೆನೆಯಿರಿ. ಒಬ್ಬನು ಇನ್ನೂ ಒಪ್ಪಿಲ್ಲ. ನಾಳೆ ಮತ್ತೆ ಬರುವೆನೆಂದಿದ್ದಾನೆ.