ಹಿಂದಿನ ಆಸನದ ತಲೆಗೂ ಬೆಲೆಯಿದೆ

(ಕಾಲೇಜು ವಿದ್ಯಾರ್ಥಿಗಳು ಮತ್ತು ಹೆತ್ತವರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವಿದ್ಯಾರ್ಥಿಗಳ ಆರೋಗ್ಯದ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಾಗ ಆಹಾರ, ನಿದ್ದೆ, ವ್ಯಾಯಾಮಗಳ ಬಗ್ಗೆ ನಾಲ್ಕು ಮಾತುಗಳನ್ನು ಅವರು ನಿರೀಕ್ಷಿಸಿದ್ದಿರಬಹುದು. ಅವೆಲ್ಲ ಅಗತ್ಯವೇ. ಆದರೆ ಈ ಸಭಾಂಗಣದ ಹೊರಗೆ ಸಾಲಾಗಿ ನಿಂತಿರುವ ಬೈಕು, ಸ್ಕೂಟರುಗಳನ್ನು ಕಂಡ ಬಳಿಕ ನಾನು ವಿಷಯವನ್ನು ಅಲ್ಲಿಂದಲೇ ಎತ್ತಿಕೊಳ್ಳಲು ಬಯಸುತ್ತೇನೆ. ಬಂದವರು ವಾಹನವೊಂದಕ್ಕೆ ಇಬ್ಬರು. ಕನ್ನಡಿಗೆ ನೇತುಬಿದ್ದಿರುವ ಹೆಲ್ಮೆಟ್ ಮಾತ್ರ ಒಂದೇ.

ಐದರಿಂದ ಇಪ್ಪತ್ತೊಂಬತ್ತು ವರ್ಷದೊಳಗಿನವರ ಸಾವಿಗೆ ಜಗತ್ತಿನಲ್ಲೇ ಅತಿ ದೊಡ್ಡ ಕಾರಣ ರಸ್ತೆ ಅಪಘಾತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದಲ್ಲಿ 2022ರೊಂದರಲ್ಲೇ 1,68,491 ಮಂದಿ ರಸ್ತೆಯಲ್ಲಿ ಜೀವ ಕಳೆದುಕೊಂಡರು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ ಇವರಲ್ಲಿ 50,029 ಮಂದಿ ಹೆಲ್ಮೆಟ್ ಧರಿಸದೆ ದ್ವಿಚಕ್ರ ವಾಹನದಲ್ಲಿದ್ದವರು. ಆ ಪೈಕಿ 14,337 ಮಂದಿ ಹಿಂದೆ ಕುಳಿತಿದ್ದವರು. ಈ ಕೊನೆಯ ಸಂಖ್ಯೆಯನ್ನು ದಯವಿಟ್ಟು ಗಮನಿಸಿ. ವಾಹನ ಓಡಿಸದಿದ್ದವರು, ವೇಗವನ್ನು ನಿರ್ಧರಿಸದಿದ್ದವರು, ಬ್ರೇಕು ಕೈಯಲ್ಲಿಲ್ಲದಿದ್ದವರು ಇವರು.

ನಮ್ಮ ಮನೆಗಳಲ್ಲಿ ಹಿಂದೆ ಕುಳಿತುಕೊಳ್ಳುವವರು ಯಾರು? ಕಾಲೇಜಿಗೆ ಹೋಗುವ ಮಗಳು, ಮದುವೆ ಮನೆಗೆ ಹೋಗುವ ತಾಯಿ, ಅಣ್ಣನ ಬೆನ್ನಿಗೆ ಕುಳಿತು ಟ್ಯೂಷನ್‌ಗೆ ಹೋಗುವ ತಂಗಿ. ಅಣ್ಣ ಪೊಲೀಸರ ದಂಡಕ್ಕೆ ಅಂಜಿ ಹೆಲ್ಮೆಟ್ ಏರಿಸುತ್ತಾನೆ. ತಂಗಿಯ ತಲೆಗೆ ಬುರ್ಖಾ ಇದೆಯಲ್ಲ, ಇನ್ನು ಹೆಲ್ಮೆಟ್ ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಅದರ ಮೇಲೆಯೇ ಹಾಕಿಕೊಳ್ಳಬಹುದು. ತೆಳುವಾದ ಹತ್ತಿ ಬಟ್ಟೆಯನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡರೆ ಹೆಲ್ಮೆಟ್ ಸರಿಯಾಗಿ ಕೂರುತ್ತದೆ. ಪಿನ್ನು, ದಪ್ಪ ಕ್ಲಿಪ್ಪುಗಳು ಹೆಲ್ಮೆಟ್ಟಿನ ಅಡಿಯಲ್ಲಿರಬಾರದು. ಕೂದಲನ್ನು ನೆತ್ತಿಯಲ್ಲಿ ಗಂಟು ಹಾಕದೆ ಕುತ್ತಿಗೆಯ ಬಳಿ ಕೆಳಗೆ ಕಟ್ಟಿಕೊಳ್ಳಬೇಕು. ಗದ್ದದ ಪಟ್ಟಿ ಹಾಕದಿದ್ದರೆ ಮೊದಲ ಏಟಿಗೇ ಹೆಲ್ಮೆಟ್ ಹಾರಿಹೋಗುತ್ತದೆ. ಕೊಳ್ಳುವಾಗ ಐಎಸ್‌ಐ ಗುರುತನ್ನು ನೋಡಿರಿ. ಆ ಗುರುತಿಲ್ಲದ ಹೆಲ್ಮೆಟ್ ಮಾರುವುದನ್ನು 2021ರ ಜೂನ್‌ನಿಂದ ನಿಷೇಧಿಸಲಾಗಿದೆ. ಒಳಗಿನ ಥರ್ಮಕೋಲಿನಂಥ ಪದರ ತಾನು ನಜ್ಜುಗುಜ್ಜಾಗಿ ಮಿದುಳಿಗೆ ತಗಲುವ ಏಟನ್ನು ತಗ್ಗಿಸುತ್ತದೆ. ಹಾಗಾಗಿ ಒಮ್ಮೆ ದೊಡ್ಡ ಏಟು ತಿಂದ ಹೆಲ್ಮೆಟ್ಟನ್ನು ಹೊರಗೆ ಹೊಳಪಿದೆಯೆಂದು ಮತ್ತೆ ಬಳಸಬಾರದು.

ಕೆಲವು ಯುವಕರು ತಮಾಷೆಗೆ ಕೇಳುವುದುಂಟು: ಪೇಟ ಧರಿಸಿದ ಸಿಖ್ಖರಿಗೆ ವಿನಾಯಿತಿ ಇದೆ, ನಮ್ಮ ಟೋಪಿಗೆ ಏಕಿಲ್ಲ? ಕಾನೂನು ಹೆಸರಿಸಿರುವುದು ಸಿಖ್ಖರ ಪೇಟವನ್ನು ಮಾತ್ರ. ಇನ್ನು ರಸ್ತೆಯ ಡಾಮರು ಯಾರ ಟೋಪಿಯನ್ನೂ ಗುರುತಿಸುವುದಿಲ್ಲ.

ಬಟ್ಟೆಯ ವಿಷಯದಲ್ಲಿ ಮತ್ತೊಂದು ಅಪಾಯವಿದೆ. ಬುರ್ಖಾದ ಅಂಚು ಅಥವಾ ದುಪಟ್ಟಾ ಹಿಂದಿನ ಚಕ್ರಕ್ಕೆ ಸಿಲುಕಿದರೆ ಸವಾರನಿಗೆ ಅರಿವಾಗುವ ಮೊದಲೇ ಹಿಂದಿದ್ದವರು ರಸ್ತೆಗೆ ಬಿದ್ದಿರುತ್ತಾರೆ. ಚಕ್ರದ ಅರ್ಧ ಭಾಗವನ್ನಾದರೂ ಮುಚ್ಚುವ ರಕ್ಷಣೆ, ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಮೆಟ್ಟು ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ನಾವು ಸೀರೆ ಗಾರ್ಡ್ ಎನ್ನುವುದು ಅದನ್ನೇ. ಚೆಂದಕ್ಕೆ ಕೊರತೆಯೆಂದು ಹೊಸ ಬೈಕಿನಿಂದ ಅದನ್ನು ಬಿಚ್ಚಿಸುವ ಹುಡುಗರಿಗೆ ತಾಯಂದಿರೇ ಬುದ್ಧಿ ಹೇಳಬೇಕು. ಹತ್ತುವ ಮುನ್ನ ಬಟ್ಟೆಯನ್ನು ಸುತ್ತಿ ಮಡಿಲಿಗೆ ಸೇರಿಸಿಕೊಳ್ಳಲು ಅರ್ಧ ನಿಮಿಷ ಸಾಕು.

ಈಗ ತಂದೆಯಂದಿರಿಗೆ ಒಂದು ಕಹಿ ಮಾತು. ಎಸೆಸೆಲ್ಸಿ ಪಾಸಾದ ಮಗನಿಗೆ ಬೈಕ್ ಉಡುಗೊರೆ ಕೊಡುವುದು ನಮ್ಮಲ್ಲಿ ಅಂತಸ್ತಿನ ಕುರುಹಾಗಿಬಿಟ್ಟಿದೆ. ಹದಿನಾರು ತುಂಬಿದವರಿಗೆ ಅನುಮತಿಯಿರುವುದು 50 ಸಿ.ಸಿ. ಮೀರದ ವಾಹನಕ್ಕೆ. ಇಂದು ರಸ್ತೆಯಲ್ಲಿ ಕಾಣುವ ಪೆಟ್ರೋಲ್ ಸ್ಕೂಟರುಗಳು ಅದರ ಎರಡು ಪಟ್ಟಿಗೂ ಮೇಲಿನವು. 2019ರ ತಿದ್ದುಪಡಿಯಂತೆ ಅಪ್ರಾಪ್ತನು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕನಿಗೆ ಅಥವಾ ಮಾಲಕನಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ವಾಹನದ ನೋಂದಣಿ ಒಂದು ವರ್ಷ ರದ್ದಾಗುತ್ತದೆ, ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಪರವಾನಗಿ ಸಿಗದು. ಎದುರಿನವನಿಗೆ ಪ್ರಾಣಾಪಾಯವಾಗಿದ್ದರಂತೂ, ಪರವಾನಗಿಯಿಲ್ಲದ ಸವಾರನ ಪ್ರಕರಣದಲ್ಲಿ ವಿಮಾ ಕಂಪೆನಿ ತಾನು ತೆತ್ತ ಪರಿಹಾರವನ್ನು ಮಾಲಕನಿಂದ ವಸೂಲು ಮಾಡಲು ಹೊರಡಬಹುದು. ವಿದೇಶದ ದುಡಿಮೆಯಲ್ಲಿ ಕಟ್ಟಿದ ಮನೆ ಒಂದು ಬೈಕಿನ ಕೀಲಿಯಿಂದ ಹರಾಜಿಗೆ ಬರುವುದು ಅಸಾಧ್ಯವೇನಲ್ಲ.

ಅಪಘಾತವಾದ ಮೇಲೆ ತಕ್ದೀರ್ ಎಂದು ಸಮಾಧಾನ ಹೇಳುವುದು ಸುಲಭ. ಮೃತನ ಮನೆಯವರಿಗೆ ಆ ಸಮಾಧಾನ ಬೇಕು ಕೂಡ. ಆದರೆ ಒಂಟೆಯನ್ನು ಕಟ್ಟಿದ ಬಳಿಕದ ಭರವಸೆಯ ಬಗ್ಗೆ ಮದ್ರಸಾದಲ್ಲಿ ಕಲಿತವರಾದ ನಾವು, ಕಟ್ಟದೆಯೇ ಭರವಸೆಯಿಡುವುದನ್ನು ಧರ್ಮನಿಷ್ಠೆ ಎನ್ನಲಾಗದು. ಗುಂಡಿ ಬಿದ್ದ ರಸ್ತೆ, ಬೆಳಕಿಲ್ಲದ ತಿರುವು, ಸೂಚನಾ ಫಲಕವಿಲ್ಲದ ಹಂಪುಗಳಿಗೆ ಸರಕಾರ ಉತ್ತರ ಕೊಡಲೇಬೇಕು. ದಂಡ ವಸೂಲಿಯಲ್ಲಿರುವ ಚುರುಕು ರಸ್ತೆ ದುರಸ್ತಿಯಲ್ಲಿ ಇಲ್ಲವೆಂಬುದು ನಿಜ. ಅದಕ್ಕಾಗಿ ಮನವಿ ಸಲ್ಲಿಸೋಣ, ಪ್ರತಿಭಟಿಸೋಣ. ಹೆಲ್ಮೆಟ್ ಧರಿಸಿಕೊಂಡೇ ಹೋಗೋಣ.

ಕೊನೆಯದಾಗಿ, ಅಪಘಾತದ ಸ್ಥಳದಲ್ಲಿ ನೀವಿದ್ದರೆ ಏನು ಮಾಡಬೇಕು? ಠಾಣೆಯ ಭಯ ನಮ್ಮ ಯುವಕರಲ್ಲಿ ತುಸು ಹೆಚ್ಚೇ ಇದೆ, ಅದಕ್ಕೆ ಕಾರಣಗಳೂ ಇಲ್ಲದಿಲ್ಲ. ಆದರೆ ನೆರವಾದವನಿಗೆ ಕಿರುಕುಳ ಕೊಡಬಾರದೆಂಬ ಮಾರ್ಗಸೂಚಿಯನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಎತ್ತಿಹಿಡಿಯಿತು. 2019ರ ತಿದ್ದುಪಡಿಯಲ್ಲಿ ಅದು ಕಾನೂನೇ ಆಯಿತು. ಹೆಸರು ಹೇಳಲೇಬೇಕೆಂದು ನಿಮ್ಮನ್ನು ಒತ್ತಾಯಿಸುವಂತಿಲ್ಲ. ಗಾಯಾಳುವನ್ನು ಎಳೆದಾಡಿ ರಿಕ್ಷಾದೊಳಗೆ ಮಡಚಿ ತುರುಕಬೇಡಿರಿ, ಕುತ್ತಿಗೆಯ ಮೂಳೆಗೆ ಪೆಟ್ಟಾಗಿದ್ದರೆ ಆತ ಆಜೀವ ಹಾಸಿಗೆ ಹಿಡಿದಾನು. ಬಾಯಿಗೆ ನೀರು ಹಾಕಬೇಡಿರಿ. ರಕ್ತ ಸುರಿಯುವಲ್ಲಿ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿರಿ. ತಲೆಗೆ ಏಟು ಬಿದ್ದವನು ಎದ್ದು ನಿಂತು ಮಾತನಾಡುತ್ತಿದ್ದಾನೆಂದು ಮನೆಗೆ ಕಳಿಸಿ ಮಲಗಿಸಬೇಡಿರಿ. ತಲೆಬುರುಡೆಯೊಳಗಿನ ರಕ್ತಸ್ರಾವ ಕೆಲವು ಗಂಟೆಗಳ ಬಳಿಕ ತನ್ನ ಇರವನ್ನು ತೋರಿಸಬಹುದು. ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ತೊದಲು ಕಂಡರೆ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯಿರಿ. ಖರ್ಚಿನ ಚಿಂತೆಯಿಂದ ತಡ ಮಾಡಬೇಡಿರಿ. 2025ರ ಮೇ ತಿಂಗಳಲ್ಲಿ ಕೇಂದ್ರವು ಜಾರಿಗೆ ತಂದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ನಿಮ್ಮ ಊರಿಗೆ ಸಮೀಪದ ಅಂಥ ಆಸ್ಪತ್ರೆ ಯಾವುದೆಂದು ಇದೇ ವಾರ ವಿಚಾರಿಸಿ, ಮಸೀದಿಯ ಫಲಕದಲ್ಲಿ ಬರೆದು ಹಾಕಿರಿ.