ನೆರಳಿನ ತೋಟದಲ್ಲಿ ಸೀತಾಳೆದಂಡೆ
(ರೈತರ ಸಭೆಯಲ್ಲಿ ಓದಿದ ಉಪನ್ಯಾಸ)



ಮಲೆನಾಡಿನ ಹಲಸು, ಮಾವುಗಳ ಕೊಂಬೆಗಳಿಂದ ಮುಂಗಾರಿನ ಹೊತ್ತಿಗೆ ಬಿಳುಪಿನ ಮೇಲೆ ನಸುಗೆಂಪು ಚುಕ್ಕೆಗಳುಳ್ಳ ಹೂಗೊಂಚಲುಗಳು ಇಳಿಬೀಳುವುದನ್ನು ಎಲ್ಲರೂ ಬಲ್ಲರು. ಇದೇ ಸೀತಾಳೆದಂಡೆ. ಸೀತಾದೇವಿಯು ವನವಾಸದಲ್ಲಿ ಇದನ್ನು ಮುಡಿದಳೆಂದು ಜನರ ಹೇಳಿಕೆ. ಹೀಗಿದ್ದರೂ ಕೆಲವರು ಇದನ್ನು ಬಂದಳಿಕೆಯೆಂದು ಬಗೆದು, ಮರ ಸವರುವಾಗ ಕಿತ್ತೆಸೆಯುವುದುಂಟು. ಇದು ತಪ್ಪು.

ಬಂದಳಿಕೆಯು ಕೊಂಬೆಯೊಳಕ್ಕೆ ಬೇರಿಳಿಸಿ ಮರದ ರಸವನ್ನು ಹೀರುವುದು. ಅದನ್ನು ಕೊಂಬೆಸಹಿತ ಕತ್ತರಿಸಿ ತೆಗೆಯುವುದೇ ಸರಿ. ಸೀತಾಳೆದಂಡೆಯಾದರೋ ತೊಗಟೆಯನ್ನು ಹಿಡಿದು ನಿಲ್ಲುವುದೇ ಹೊರತು ಮರದಿಂದ ಆಹಾರವನ್ನು ಕಸಿಯುವುದಿಲ್ಲ. ಅದರ ದಪ್ಪನೆಯ ಬೂದುಬಣ್ಣದ ಬೇರುಗಳು ಮಳೆ ಮಂಜುಗಳ ನೀರನ್ನೂ ತೊಗಟೆಯ ಮೇಲೆ ಕೂಡುವ ಕಸದ ಸಾರವನ್ನೂ ಹೀರುವುವು. ನೀರು ಸೋಕಿದೊಡನೆ ಹಸುರೇರುವ ಈ ಬೇರೇ ಅದರ ಗುರುತು.

ಕಿತ್ತ ಗಿಡದ ಜಾಗದಲ್ಲಿ ಮತ್ತೊಂದು ಬೇಗನೆ ಹುಟ್ಟಲಾರದು. ಒಂದೊಂದು ಕಾಯಿಯಲ್ಲಿ ಸಹಸ್ರಾರು ಬೀಜಗಳಿದ್ದರೂ ಅವು ಧೂಳಿನಷ್ಟು ಸಣ್ಣವು. ಮೊಳಕೆಗೆ ಬೇಕಾದ ಆಹಾರದ ಸಂಗ್ರಹ ಅವುಗಳಲ್ಲಿಲ್ಲ. ತಕ್ಕ ಜಾತಿಯ ಬೂಷ್ಟಿನ ಸಹಾಯ ದೊರೆತ ಬೀಜ ಮಾತ್ರ ಮೊಳೆಯುವುದು. ಮೊಳೆತದ್ದು ಹೂಬಿಡಲು ಹಲವು ವರ್ಷ ಬೇಕು.

ಬೆಳೆಸುವ ಕ್ರಮವು ಸುಲಭವಾದುದು. ಗಾಳಿಮಳೆಗೆ ತಮ್ಮ ಹಿಡುವಳಿಯಲ್ಲಿ ಮುರಿದುಬಿದ್ದ ಕೊಂಬೆಗಳಿಂದ ಗಿಡಗಳನ್ನು ಬೇರು ಹರಿಯದಂತೆ ಬಿಡಿಸಿಕೊಳ್ಳತಕ್ಕದ್ದು. ಮುಂಗಾರಿನ ಆರಂಭದಲ್ಲಿ, ಎಳೆಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಕಡೆ, ಒರಟು ತೊಗಟೆಯ ಮಾವು ಅಥವಾ ಹಲಸಿನ ಮರಕ್ಕೆ ತೆಂಗಿನ ನಾರಿನಿಂದ ಕಟ್ಟಬೇಕು. ತೊಗಟೆ ಉದುರಿಸುವ ಸೀಬೆ, ನೀಲಗಿರಿ ಮರಗಳು ಇದಕ್ಕೆ ಒದಗವು. ಬೇರನ್ನು ಮಣ್ಣಿನಲ್ಲಿ ಹೂಳಕೂಡದು, ಹೂಳಿದರೆ ಕೊಳೆಯುವುದು. ಬೇರುಗಳು ಹೊಸ ತೊಗಟೆಯನ್ನು ಹಿಡಿದ ಮೇಲೆ ಕಟ್ಟನ್ನು ಬಿಚ್ಚಬಹುದು. ಬೇಸಗೆಯಲ್ಲಿ ಬೆಳಗಿನ ಹೊತ್ತು ನೀರು ಚಿಮುಕಿಸಿದರೆ ಸಾಕು.

ಅದೇ ಮರದ ಬುಡದಲ್ಲಿ, ಉದುರೆಲೆಯ ಗೊಬ್ಬರ ಬೆರೆತು ನೀರು ಬಸಿಯುವ ಮಣ್ಣಿನಲ್ಲಿ, ಕಾಡು ಅರಿಶಿನದ ಗೆಡ್ಡೆಗಳನ್ನು ಎರಡು ಅಂಗುಲ ಆಳಕ್ಕೆ ನೆಡಬಹುದು. ಚಳಿಗಾಲದಲ್ಲಿ ಅದರ ಎಲೆ ಒಣಗುವುದನ್ನು ಕಂಡು ಗಿಡ ಸತ್ತಿತೆಂದು ಅಗೆಯಬಾರದು. ಗೆಡ್ಡೆಯು ಮುಂದಿನ ಮಳೆಗೆ ಚಿಗುರುವುದು.

ಕಾಯ್ದಿಟ್ಟ ಅರಣ್ಯದಿಂದ ಅನುಮತಿಯಿಲ್ಲದೆ ಗಿಡ ತರುವುದು ಕರ್ನಾಟಕ ಅರಣ್ಯ ಕಾಯ್ದೆ, 1963ರಂತೆ ಅಪರಾಧವು. ಊರಿನ ಹಿರಿಯರು ಮರ ಸವರುವ ಆಳುಗಳಿಗೆ ಬಂದಳಿಕೆ ಯಾವುದು, ಸೀತಾಳೆದಂಡೆ ಯಾವುದು ಎಂದು ಮೊದಲೇ ತೋರಿಸಿಕೊಟ್ಟರೆ ಅರ್ಧ ಕೆಲಸ ಆದಂತೆಯೇ. ಹೂವನ್ನು ಹೆಣ್ಣುಮಕ್ಕಳು ಮುಡಿಯಲಿ. ಗಿಡವು ಮರದಲ್ಲಿಯೇ ಉಳಿಯಲಿ.